ಬುಧವಾರ ಬಾಟಲಿ ತರುತ್ತಿದ್ದವರು

ವಯಸ್ಸಾದವರನ್ನು ಕೈಹಿಡಿದು ಬಸ್ಸಿನಿಂದ ಇಳಿಸುವ ಹಾಗೆ ಅವರು ಬಾಟಲಿಯನ್ನು ಮೇಜಿನ ಮೇಲೆ ಇಳಿಸುತ್ತಿದ್ದರು. ಒಂದು ಕೈ ಕುತ್ತಿಗೆಗೆ, ಇನ್ನೊಂದು ಬುಡಕ್ಕೆ. ಆಮೇಲೆ ಸುತ್ತಿದ್ದ ಬಟ್ಟೆಯ ಗಂಟು ಬಿಚ್ಚಿ, ಮಡಿಸಿ ತೊಡೆಯ ಮೇಲೆ ಹಾಕಿಕೊಂಡು, "ಮಾಸ್ಟರ್, ಇವತ್ತು ಇವರನ್ನು ಕರೆತಂದಿದ್ದೇನೆ" ಎನ್ನುತ್ತಿದ್ದರು. ಇಲ್ಲಿ ಜಪಾನಿನಲ್ಲಿ ಸಣ್ಣ ಹೋಟೆಲಿನ ಯಜಮಾನನನ್ನು ಮಾಸ್ಟರ್ ಎಂದು ಕರೆಯುವುದು ರೂಢಿ. ದಾವಣಗೆರೆಯಲ್ಲಿ ಹೈಸ್ಕೂಲು ಮುಗಿಸಿ ನೇರವಾಗಿ ದೋಸೆ ಹಂಚಿನ ಮುಂದೆ ನಿಂತವನಿಗೆ ಆ ಮಾತು ಕೇಳಲು ಹಿತವಾಗಿತ್ತು. ನನ್ನ ತಪ್ಪಿನ ಬೇರು ಅಲ್ಲೇ ಇದೆ ಎಂದು ಈಗ ಅನ್ನಿಸುತ್ತದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಮಗಳು ಹೋಟೆಲಿಗೆ ಬಂದು, ಕೌಂಟರಿನ ಮುಂದೆ ಸೊಂಟ ಬಗ್ಗಿಸಿ ನಿಂತು, ತಾಯಿಯನ್ನು ನೋಡಿಕೊಂಡದ್ದಕ್ಕೆ ಕೃತಜ್ಞತೆ ಹೇಳಿ ಹೋದಳು. ಅವಳು ಬಗ್ಗಿದ ಆಳ ನೋಡಿದರೆ ತಾಯಿ ಅವಳಿಗೆ ಅರ್ಧ ಕಥೆ ಮಾತ್ರ ಹೇಳಿದ್ದರು ಎಂದು ತಿಳಿಯುತ್ತಿತ್ತು. ಉಳಿದರ್ಧವನ್ನು ನಾನೇ ಹೇಳಬೇಕು. ಅವರ ಹೆಸರು ಬೇಡ. ಹೆಸರು ಹಿಡಿದು ಊರಿಗೆಲ್ಲ ಹೇಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. ನಾನು ಹೇಳಬೇಕಾದದ್ದು ಇಷ್ಟು: ಅವರು ಕೊಟ್ಟ ವೈನಿನ ರುಚಿಯನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಅವರೆದುರು ಬಾಯ್ತುಂಬ ವರ್ಣಿಸಿದೆ. ಅದರಲ್ಲಿ ಒಂದು ಹನಿಯನ್ನೂ ಕುಡಿದಿರಲಿಲ್ಲ.

ನಾನು ಕುಡಿಯದಿರುವುದಕ್ಕೆ ಕಾರಣವಿದೆ. ಹರೆಯದಲ್ಲಿ ಚೆನ್ನಾಗಿಯೇ ಕುಡಿಯುತ್ತಿದ್ದೆ. ಮಗಳ ನಾಮಕರಣದ ದಿನ ತೊಟ್ಟಿಲ ಹತ್ತಿರ ನನ್ನ ತಂಗಿ ಬಗ್ಗಿ, "ಅಣ್ಣಾ, ಕಿವೀಲಿ ಯಾವ ಹೆಸರು ಹೇಳ್ಲಿ?" ಎಂದು ಕೇಳಿದಾಗ, ನಾನು ಅಮಲಿನಲ್ಲಿ, ಆಗ ಕೆಲಸಕ್ಕಿದ್ದ ಹೋಟೆಲಿನ ಯಜಮಾನರ ಹೆಸರು ಹೇಳಿದೆ. ಹೇಳಿ, ಅವರು ಬಂದಿದ್ದಾರೆಂದು ಎದ್ದು ನಿಂತೆನಂತೆ. ಮೀಸೆ ಇದ್ದ ಆ ಗಂಡಸಿನ ಹೆಸರು ನನ್ನ ಹೆಣ್ಣುಮಗುವಿನ ಕಿವಿಗೆ ಬೀಳದಂತೆ ತಂಗಿ ತಡೆದಳು. ಮಾರನೆಯ ದಿನ ಬೆಳಿಗ್ಗೆ ಹೆಂಡತಿ ನನ್ನ ಕೈ ಹಿಡಿದೆಳೆದು ಮಗುವಿನ ತಲೆಯ ಮೇಲಿಟ್ಟು ಆಣೆ ಮಾಡಿಸಿದಳು. ಆ ಮಗಳೀಗ ನಾಗೋಯಾದಲ್ಲಿ ಕಾರು ತಯಾರಿಸುವ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ಆಣೆ ಇನ್ನೂ ನಡೆಯುತ್ತಿದೆ.

ಕುಡಿಯದವನ ಹೋಟೆಲಿಗೆ ಬಾಟಲಿ ಹೇಗೆ ಬಂತು ಎನ್ನುವುದನ್ನೂ ಹೇಳಬೇಕು. ನಮ್ಮದು ಟೋಕಿಯೋದ ಎಡೋಗಾವಾದಲ್ಲಿ, ಮೀನಿನ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡ ಪುಟ್ಟ ಜಾಗ. ಮಧ್ಯಾಹ್ನ ನಮ್ಮ ಕಡೆಯ ಹೆಣ್ಣುಮಕ್ಕಳು ಶಾಲೆ ಬಿಟ್ಟ ಮಕ್ಕಳ ಜೊತೆ ಬಂದು ದೋಸೆ ತಿನ್ನುತ್ತಾರೆ. ಸಂಜೆ ಬರುವವರು ಜಪಾನಿಯರು. ಅವರು ಕೂತ ತಕ್ಷಣ ಬಿಯರ್ ಕೇಳುತ್ತಿದ್ದರು. ಇಲ್ಲವೆಂದರೆ ಮುಖ ಸಿಂಡರಿಸದೆ ದೋಸೆ ತಿಂದು, ರುಚಿಯಾಗಿತ್ತು ಎಂದು ನಮಸ್ಕರಿಸಿ, ಇನ್ನೆಂದೂ ಬರುತ್ತಿರಲಿಲ್ಲ. ಮದ್ಯ ಮಾರುವ ಮಾತೆತ್ತಿದರೆ ಹೆಂಡತಿ ಸೌಟು ಕೆಳಗಿಡುತ್ತಿದ್ದಳು. ಕೊನೆಗೆ ಪಕ್ಕದ ಮೀನಿನ ಅಂಗಡಿಯವನು ಒಂದು ದಾರಿ ತೋರಿಸಿದ. ಗಿರಾಕಿಯೇ ತನ್ನ ಬಾಟಲಿ ತರಬಹುದು ಎಂದು ಬೋರ್ಡು ಹಾಕಿ, ಅದಕ್ಕೆ ಇಲ್ಲಿ ಮೊಚಿಕೊಮಿ ಎನ್ನುತ್ತೇವೆ, ಎಷ್ಟೋ ಹೋಟೆಲುಗಳಲ್ಲಿ ಇದೆ, ಬಾಟಲಿಗಿಷ್ಟು ಅಂತ ಶುಲ್ಕವನ್ನೂ ತಗೊಳ್ಳಿ ಎಂದ.

ಹೆಂಡತಿ ಒಂದು ದಿನ ಯೋಚಿಸಿದಳು.

"ತರೋರು ಅವರು, ಕುಡಿಯೋರು ಅವರು. ನಾವು ಲೋಟ ತೊಳಿತೀವಿ ಅಷ್ಟೇ. ಲೋಟ ತೊಳೆಯೋದ್ರಲ್ಲಿ ಪಾಪ ಇಲ್ಲ."

"ಶುಲ್ಕ?"

"ಅವರ ಬಾಟ್ಲಿಗೆ ನಮಗ್ಯಾಕ್ರೀ ದುಡ್ಡು? ಚಪ್ಪಲಿ ಹಾಕ್ಕೊಂಡು ಬಂದೋರ ಹತ್ರ ಚಪ್ಪಲಿಗೂ ದುಡ್ಡು ಇಸ್ಕೊಳ್ತೀವಾ?"

ಬಾಟಲಿ ತೆರೆಯಲು ಏನೂ ಕೇಳದ ಹೋಟೆಲು ಟೋಕಿಯೋದಲ್ಲಿದೆ ಎಂಬ ಸುದ್ದಿ ವೈನ್ ಹುಚ್ಚಿನವರ ನಡುವೆ ಹೇಗೆ ಹಬ್ಬಿತೋ ತಿಳಿಯದು. ಸಿರಿವಂತರ ಬಡಾವಣೆಯಾದ ಮಿನಾಟೋ ಕಡೆಯ ಸೂಟು ಬೂಟಿನವರು ಚಕ್ರದ ಪೆಟ್ಟಿಗೆಯಲ್ಲಿ ಬಾಟಲಿ ಎಳೆದುಕೊಂಡು ಬರತೊಡಗಿದರು. ಬೆಣ್ಣೆ ದೋಸೆಗೆ ಬಿಳಿಯದು, ಕೆಂಪು ಚಟ್ನಿಗೆ ಕೆಂಪನೆಯದು ಎಂದು ವಾದ ಮಾಡುವರು. ನಮ್ಮಲ್ಲಿ ಗಾಜಿನ ಲೋಟವಿರಲಿಲ್ಲ. ಸ್ಟೀಲ್ ಲೋಟದಲ್ಲೇ ಹಾಕಿಕೊಂಡು, ಅದರೊಳಗೆ ಮೂಗು ತೂರಿಸಲು ಹೋಗಿ, ಮೂಗು ಹಿಡಿಸದೆ ಒದ್ದಾಡುತ್ತಿದ್ದರು.

ಅಂಥ ದಿನಗಳಲ್ಲಿ ಒಂದು ಬುಧವಾರ ಅವರು ಒಬ್ಬರೇ ಬಂದರು. ಎಪ್ಪತ್ತು ದಾಟಿದ, ಪುಟ್ಟ ಗಾತ್ರದ, ಗೋಡೆಗೆ ಒರಗದೆ ಕೂರುವ ಹೆಂಗಸು. ಮೊದಲು ಹೋಟೆಲನ್ನೆಲ್ಲ ಒಮ್ಮೆ ನೋಡಿದರು. ಅವರ ಕೈಯ ಚಲನೆಯಲ್ಲೇ ಏನೋ ವಿಶೇಷವಿತ್ತು. ಏನನ್ನಾದರೂ ತೋರಿಸಬೇಕಾದರೆ ಬೆರಳು ಮಾಡುತ್ತಿರಲಿಲ್ಲ. ಅಂಗೈಯನ್ನು ಮೇಲೆ ಮಾಡಿ, ತೋಳನ್ನು ನಿಧಾನವಾಗಿ ಚಾಚುತ್ತಿದ್ದರು. ಉಪ್ಪಿನ ಡಬ್ಬಿಯನ್ನೂ ದೇವಸ್ಥಾನದ ಗೋಪುರದಂತೆ ತೋರಿಸುವರು. ಇಡೀ ಆಯುಷ್ಯ ಪ್ರವಾಸಿ ಬಸ್ಸಿನಲ್ಲಿ ಗೈಡ್ ಆಗಿದ್ದವರು ಎಂದು ಆಮೇಲೆ ತಿಳಿಯಿತು. ಬಿಳಿ ಕೈಗವಸು ಹಾಕಿಕೊಂಡು, ಚಲಿಸುವ ಬಸ್ಸಿನಲ್ಲಿ ಹಿಮ್ಮುಖವಾಗಿ ನಿಂತು, "ನಿಮ್ಮ ಬಲಗಡೆಗೆ" ಎಂದು ಹೇಳುವ ಕೆಲಸ.

ನಮ್ಮಲ್ಲಿಗೆ ಬರುವ ಮುಂಚೆ ಅವರು ಟೋಕಿಯೋದ ಎಷ್ಟೋ ಮೊಚಿಕೊಮಿ ಹೋಟೆಲುಗಳನ್ನು ಸುತ್ತಿದ್ದರು. ಮಿನಾಟೋದ ಫ್ರೆಂಚ್ ಹೋಟೆಲಿನಲ್ಲಿ ತೋಳಿನ ಮೇಲೆ ಬಿಳಿ ಟವೆಲು ಹಾಕಿಕೊಂಡವನು ಬಾಟಲಿ ನೋಡುವ ಮುಂಚೆ ಅವರ ಬೂಟು ನೋಡಿದನಂತೆ. ಇಟಲಿಯ ಅಡುಗೆಯವನೊಬ್ಬ ಬಾಟಲಿಯ ಚೀಟಿ ಓದಿ, "ಓಹ್" ಎಂದನಂತೆ. "ಮಾಸ್ಟರ್, ಆ 'ಓಹ್' ಎಂಥದ್ದು ಅಂತ ಊಟ ಮುಗಿಯೋವರೆಗೂ ಯೋಚಿಸಿದೆ. ಊಟ ಏನಿತ್ತೋ ನೆನಪಿಲ್ಲ." ಇನ್ನೊಂದು ಕಡೆ ಯಜಮಾನ ರುಚಿ ನೋಡುತ್ತೇನೆಂದು ತೆಗೆದುಕೊಂಡು ಹೋಗಿ ಅರ್ಧ ಬಾಟಲಿ ರುಚಿ ನೋಡಿದನಂತೆ.

"ಇಲ್ಲಿ ಯಾರಿಗೂ ವೈನ್ ಗೊತ್ತಿಲ್ಲ ಅಂತ ಕೇಳಿ ಬಂದೆ" ಎಂದರು ಮೊದಲ ದಿನ. ಹೊಗಳಿಕೆಯ ಧ್ವನಿಯಲ್ಲೇ ಹೇಳಿದರು.

ತಮ್ಮ ಬಾಟಲಿ ತರುವ ಗಿರಾಕಿ ಮೊದಲ ಲೋಟವನ್ನು ಅಡುಗೆಮನೆಗೆ ಕಳಿಸುವುದು ಇಲ್ಲಿ ಒಂದು ಮರ್ಯಾದೆ. ಮಿನಾಟೋದವರು ಅದನ್ನು ಪಾಲಿಸುತ್ತಿರಲಿಲ್ಲ, ನನಗೂ ನಿಶ್ಚಿಂತೆಯಿತ್ತು. ಇವರು ಪಾಲಿಸಿದರು. ಲೋಟಕ್ಕೆ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಚಾಚಿದರು. ವಯಸ್ಸಾದ ಹೆಂಗಸು ಎರಡು ಕೈಯಲ್ಲಿ ಕೊಟ್ಟದ್ದನ್ನು ಬೇಡವೆನ್ನಲು ನನ್ನ ಅಡುಗೆಮನೆ ಜಪಾನಿಯಲ್ಲಿ ಮಾತಿರಲಿಲ್ಲ. ನಾನೂ ಎರಡು ಕೈಯಲ್ಲಿ ತೆಗೆದುಕೊಂಡು, ಉಸಿರು ಬಿಗಿಹಿಡಿದು ಪರದೆಯ ಹಿಂದೆ ಹೋದೆ. ವಾಸನೆ ಎಳೆದುಕೊಂಡರೂ ಹಳೆಯ ಚಟ ಎದ್ದು ಕೂರಬಹುದೆಂಬ ಭಯ. ಸಿಂಕಿಗೆ ಸುರಿದು, ನಲ್ಲಿ ಬಿಟ್ಟು, ಬಾಯಿ ಒರೆಸಿಕೊಂಡು ಹೊರಗೆ ಬಂದು ರುಚಿಯಾಗಿದೆ ಎಂದೆ.

"ಹೇಗೆ ರುಚಿಯಾಗಿದೆ?"

ಇಲ್ಲಿಯೇ ನಿಲ್ಲಿಸಬೇಕಿತ್ತು. ಮಾಸ್ಟರ್ ಎಂದು ಕರೆಸಿಕೊಂಡವನಿಗೆ ನಿಲ್ಲಿಸಲು ಆಗಲಿಲ್ಲ. ಒಲೆಯ ಮೇಲೆ ಆಗ ಕೊತ್ತಂಬರಿ ಬೀಜ ಹುರಿಯಲು ಇಟ್ಟಿದ್ದೆ. ಹುರಿದ ಕೊತ್ತಂಬರಿ ಬೀಜದ ಹಾಗೆ ಎಂದೆ. ಅದು ಸಾಲದೇನೋ ಅನ್ನಿಸಿ ನೇರಳೆ ಹಣ್ಣು ಸೇರಿಸಿದೆ. ನೇರಳೆಗೆ ಜಪಾನಿ ಮಾತು ಗೊತ್ತಿಲ್ಲದೆ, ಸಣ್ಣದು, ನೀಲಿ, ನಾಲಿಗೆಗೆ ಬಣ್ಣ ಹಿಡಿಯುತ್ತದೆ, ಶಾಲೆಗೆ ಹೋಗುವಾಗ ಕದಿಯುವುದು ಎಂದು ವಿವರಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಂದಿನ ಬುಧವಾರ ಇನ್ನೊಂದು ಬಾಟಲಿಯ ಜೊತೆ ಬಂದರು.

ಮೂರನೆಯದೋ ನಾಲ್ಕನೆಯದೋ ಬುಧವಾರ ಅವರು ತಮ್ಮ ಕಥೆ ಹೇಳಿದರು. ಗಂಡ ರೈಲ್ವೆ ಕಚೇರಿಯಲ್ಲಿದ್ದವನು. ಇದ್ದ ಒಂದೇ ಹುಚ್ಚು ವೈನ್ ಕೂಡಿಡುವುದು. ಕುಡಿಯುವುದಲ್ಲ, ಕೂಡಿಡುವುದು. ಯಾವ ಬಾಟಲಿ ಮುಟ್ಟಿದರೂ "ಇದಿನ್ನೂ ಮಾಗಿಲ್ಲ" ಎನ್ನುತ್ತಿದ್ದನಂತೆ. ಮಾಗುವುದನ್ನು ಕಾಯುತ್ತ ತಾನೇ ಹೋಗಿಬಿಟ್ಟ. ಬೀರುವಿನ ತುಂಬ ಬಾಟಲಿ ಉಳಿಯಿತು. ಅವುಗಳನ್ನು ಕುಡಿದು ನೋಡೋಣವೆಂದರೆ, ಕೊರೋನಾ ಬಂದು ಹೋದಾಗ ಅವರ ಮೂಗು ನಾಲಿಗೆ ಎರಡನ್ನೂ ಒಯ್ದಿತ್ತು. ಉಪ್ಪು, ಹುಳಿ, ಸಿಹಿ ಯಾವುದೂ ತಿಳಿಯದು.

"ಖಾರ ಒಂದು ನನ್ನ ಹತ್ತಿರ ಉಳಿದಿದೆ. ಅದಕ್ಕೇ ಇಲ್ಲಿಗೆ ಬಂದೆ" ಎಂದು ಚಟ್ನಿಪುಡಿಯ ಕಡೆ ಅಂಗೈ ಚಾಚಿದರು. ನಿಜ, ನಮ್ಮ ಗುಂಟೂರು ಮೆಣಸಿನಕಾಯಿ ಪುಡಿಯನ್ನು ಅವರು ಅನ್ನದ ಹಾಗೆ ತಿನ್ನುತ್ತಿದ್ದರು.

"ಮಾಸ್ಟರ್, ನನಗೆ ಒಂದೇ ಒಂದು ತಿಳಿಯಬೇಕು. ನಲವತ್ತು ವರ್ಷ ಜೊತೆಗಿದ್ದ ಮನುಷ್ಯ ಮೂರ್ಖನೋ ಅಲ್ಲವೋ. ಉತ್ತರ ಬಾಟಲಿಗಳೊಳಗಿದೆ. ನನ್ನ ನಾಲಿಗೆ ಹೋಗಿದೆ. ನಿಮ್ಮದನ್ನು ಸ್ವಲ್ಪ ಸಾಲ ಕೊಡಿ."

ಆ ಕ್ಷಣದಲ್ಲೇ ನಾನು ಅವರ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಕೊಟ್ಟ ಲೋಟ ತೆಗೆದುಕೊಂಡು ಪರದೆಯ ಹಿಂದೆ ಹೋದೆ. ಮನಸ್ಸಿನಲ್ಲಿ ಒಂದು ಸಮಾಧಾನ ಮಾಡಿಕೊಂಡಿದ್ದೆ: ಸತ್ತವನನ್ನು ಜಾಣ ಎಂದರೆ ಯಾರಿಗೆ ನಷ್ಟ? ಅವತ್ತು ಆ ವೈನ್, ಪಾಕ ಬಂದ ಬೆಲ್ಲ ತಳ ಹಿಡಿಯುವ ಮುಂಚೆ ಬಿಡುವ ಘಮದಂತಿದೆ ಎಂದು ಹೇಳಿದೆ.

ಆಮೇಲೆ ನನಗೇ ಅದರಲ್ಲಿ ಖುಷಿ ಹತ್ತಿತು. ಸುಳ್ಳಿಗೆ ಕೂಡ ಕೈ ಕುದುರುತ್ತದೆ. ಮಂಗಳವಾರ ರಾತ್ರಿಯೇ ಹಾಸಿಗೆಯಲ್ಲಿ ಮಲಗಿ ನಾಳೆಯ ರುಚಿ ಯೋಚಿಸುತ್ತಿದ್ದೆ. ಕೊಬ್ಬರಿ ಮಂಡಿಯ ಗೋಣಿಚೀಲ, ಹೊಸ ಪಠ್ಯಪುಸ್ತಕ, ಬಿಸಿಲಿಗೆ ಕಾದ ಸೈಕಲ್ ಸೀಟು. ಸೈಕಲ್ ಸೀಟು ಅತಿಯಾಯಿತೇನೋ ಎಂದು ಹೆದರಿದ್ದೆ. ಅವರು ಚಪ್ಪಾಳೆ ತಟ್ಟಿ, "ನನ್ನ ಗಂಡನೂ ಹೀಗೇ ಮಾತಾಡುತ್ತಿದ್ದ, ತೊಗಲು, ತಂಬಾಕು ಅಂತ" ಎಂದರು. ವೈನ್ ಬಲ್ಲವರು ಇದೇ ಧಾಟಿಯಲ್ಲಿ ಮಾತಾಡುತ್ತಾರೆಂದು ಆಗ ತಿಳಿಯಿತು. ಅವರಲ್ಲಿ ಎಷ್ಟು ಜನ ಸಿಂಕಿಗೆ ಸುರಿಯುವವರೋ.

ಒಮ್ಮೆ ಸುರಿಯುವ ಹೊತ್ತಿಗೆ ಹೆಂಡತಿ ಒಳಗೆ ಬಂದುಬಿಟ್ಟಳು. ಕೈಯಲ್ಲಿ ಲೋಟ ನೋಡಿದರೆ ನನ್ನ ಕಥೆ ಮುಗಿಯಿತು ಎಂದುಕೊಂಡು ಹತ್ತಿರವಿದ್ದ ಸಾರಿನ ಪಾತ್ರೆಗೆ ಬಗ್ಗಿಸಿದೆ. ಆ ಸಂಜೆ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡವರೇ ಎಲ್ಲ. ಕಾನಾಗಾವಾದಿಂದ ಬರುವ ನಮ್ಮವನೇ ಒಬ್ಬ ಎಂಜಿನಿಯರ್, ಮೊಟ್ಟೆಯಿದ್ದ ಕೇಕನ್ನೂ ಮುಟ್ಟದವನು, ಎಲೆಯ ಮುಂದೆ ಕಣ್ಣರಳಿಸಿ ಹೇಳಿದ:

"ಅಂಕಲ್, ಇವತ್ತು ಸಾರು ಬೇರೆ ಲೆವೆಲ್. ಅಮ್ಮಂಗೆ ಕಳಿಸ್ಬೇಕು, ರೆಸಿಪಿ ವಾಟ್ಸಪ್ ಮಾಡ್ತೀರಾ ಪ್ಲೀಸ್?"

ನಾನು ಮಾಡಲಿಲ್ಲ. ಅವನ ಕ್ಷಮೆಯನ್ನು ಇಲ್ಲಿಯೇ ಕೇಳುತ್ತೇನೆ.

ನನ್ನ ಸುಳ್ಳು ಅವರ ಮನೆಯಲ್ಲಿ ಏನು ಮಾಡುತ್ತಿದೆ ಎನ್ನುವುದು ಅವರ ಮಾತಿನಿಂದಲೇ ತಿಳಿಯುತ್ತಿತ್ತು. ಗಂಡನ ಫೋಟೋವನ್ನು ಅವರು ಮೊದಲು ಬಾಗಿಲ ಬಳಿ ಚಪ್ಪಲಿ ಬೀರುವಿನ ಮೇಲೆ ಇಟ್ಟಿದ್ದರು. "ಹೊರಡುವಾಗ ಛತ್ರಿ ಮರೆತರೆ ನೆನಪಿಸಲಿ ಅಂತ." ಕೊತ್ತಂಬರಿ, ನೇರಳೆ ಆದಮೇಲೆ ಅವನು ಟಿವಿಯ ಪಕ್ಕಕ್ಕೆ ಬಂದ. ಬೆಲ್ಲದ ಪಾಕದ ವಾರ ಊಟದ ಮೇಜಿಗೆ. ಕೊನೆಗೊಂದು ಬುಧವಾರ, "ನಿನ್ನೆ ಅವನನ್ನು ದೇವರ ಗೂಡಿನಲ್ಲಿ ಅತ್ತೆಯ ಫೋಟೋದ ಪಕ್ಕ ಕೂರಿಸಿದೆ. ಸ್ವಲ್ಪ ಅಳು ಬಂತು. ಕ್ಷಮಿಸಿ" ಎಂದರು. ನಾನು ತೆಂಗಿನಕಾಯಿ ತುರಿಯುತ್ತಿದ್ದವನು ಕೈ ಕುಯ್ದುಕೊಂಡೆ.

ಇಷ್ಟು ದೂರ ಬಂದ ಮೇಲೆ ನಿಜ ಹೇಳಿದರೆ ಸತ್ತವನನ್ನು ದೇವರ ಗೂಡಿನಿಂದ ನಾನೇ ಇಳಿಸಿದಂತೆ. ಹೇಳದಿದ್ದರೆ ಅವರು ಕೇಳಿದ ಒಂದೇ ಪ್ರಶ್ನೆಗೆ ಸುಳ್ಳು ಉತ್ತರ ಹೊತ್ತು ಬದುಕುತ್ತಾರೆ. ನಾನು ಪ್ರತಿ ವಾರ ಮುಂದಿನ ವಾರಕ್ಕೆ ತಳ್ಳಿದೆ.

ಅದು ಬಯಲಾದದ್ದು ಅವರ ಔದಾರ್ಯದಿಂದ. ಒಂದು ಸಂಜೆ ಪಕ್ಕದ ಮೇಜಿನಲ್ಲಿ ಕಚೇರಿಯ ಇಬ್ಬರು ಹೆಣ್ಣುಮಕ್ಕಳು ಕೂತಿದ್ದರು, ಅವರಲ್ಲೊಬ್ಬಳ ಹುಟ್ಟುಹಬ್ಬ. ನಾನಾಗಲೇ ಪರದೆಯ ಹಿಂದೆ ಹೋಗಿ ಬಂದು, ಆ ದಿನದ ಬಾಟಲಿಗೆ ಒಣದ್ರಾಕ್ಷಿ ಮತ್ತು ಏಲಕ್ಕಿಯ ರುಚಿಯಿದೆ ಎಂದು ತೀರ್ಪು ಕೊಟ್ಟಿದ್ದೆ. ಅವರು ಆ ಹುಡುಗಿಯ ಲೋಟಕ್ಕೂ ಒಂದಿಷ್ಟು ಬಗ್ಗಿಸಿದರು. ಹುಡುಗಿ ಬಗ್ಗಿ ನಮಸ್ಕರಿಸಿ ಒಂದು ಗುಟುಕು ಕುಡಿದಳು. ಅವಳ ಮುಖ ಒಮ್ಮೆ ಒಳಕ್ಕೆ ಹೋಗಿ ಹೊರಗೆ ಬಂತು.

"ಅಪರೂಪದ ರುಚಿ" ಎಂದಳು.

ಜಪಾನಿನಲ್ಲಿ ಯಾರೂ ಇನ್ನೊಬ್ಬರು ಕೊಟ್ಟದ್ದನ್ನು ಕೆಟ್ಟಿದೆ ಎನ್ನುವುದಿಲ್ಲ. ಅಪರೂಪದ್ದು ಎನ್ನುತ್ತಾರೆ. ಹಾಗೆಂದರೆ ಇನ್ನು ಜನ್ಮದಲ್ಲಿ ಬೇಡ ಎಂದರ್ಥ. ಆ ಮಾತು ಕೇಳಿ ನಮ್ಮ ಬುಧವಾರದವರು ಬಾಟಲಿಯನ್ನು ಒಮ್ಮೆ ನೋಡಿದರು, ಆಮೇಲೆ ನನ್ನನ್ನು. ಅವರ ಮೇಜಿನ ಬಳಿ ಸದಾ ಬಿಗಿಹಿಡಿಯುತ್ತಿದ್ದ ಉಸಿರನ್ನು ಮರೆತು ಎಳೆದುಕೊಂಡಾಗ ನನಗೂ ಬಡಿಯಿತು, ಮೇಜಿನಿಂದೆದ್ದ ಹುಳಿನಾತ, ಕೆಟ್ಟ ವಿನಿಗರಿನದು.

"ಮಾಸ್ಟರ್, ಸುಮಿಮಾಸೆನ್, ಕ್ಷಮಿಸಿ. ನನ್ನೆದುರಿಗೆ ಒಂದು ಗುಟುಕು ಕುಡಿಯಿರಿ."

ಲೋಟ ಎರಡೂ ಕೈಯಲ್ಲಿ ಬಂತು. ಅವರ ಹಿಂದೆ ಕೌಂಟರಿನಲ್ಲಿ ಹೆಂಡತಿ ಬಿಲ್ಲು ಬರೆಯುವುದನ್ನು ನಿಲ್ಲಿಸಿದ್ದಳು. ಲೋಟವನ್ನು ತುಟಿಯವರೆಗೆ ತಂದೆ. ಮಗುವಿನ ತಲೆಯ ಬಿಸಿ ಇನ್ನೂ ಅಂಗೈಯಲ್ಲಿತ್ತು. ಲೋಟ ಕೆಳಗಿಟ್ಟು, ಸೊಂಟ ಬಗ್ಗಿಸಿ, ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಸಿಂಕು, ಸಾರು, ಮಂಗಳವಾರದ ರಾತ್ರಿಗಳು. ಸೈಕಲ್ ಸೀಟು ಕೂಡ.

ಅವರು ಕೂಗಾಡುವವರಲ್ಲ. ಬಟ್ಟೆಯನ್ನು ತೊಡೆಯ ಮೇಲಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡರು.

"ನನ್ನ ಕೆಲಸದಲ್ಲಿ ಫುಜಿ ಪರ್ವತ ಮೋಡದಲ್ಲಿ ಮುಚ್ಚಿಹೋದ ದಿನಗಳೇ ಹೆಚ್ಚು" ಎಂದರು. "ಆ ದಿನವೂ ದುಡ್ಡು ಕೊಟ್ಟ ಜನ ಬಸ್ಸಿನಲ್ಲಿರುತ್ತಾರೆ. ಬರೀ ಬಿಳಿ ಮೋಡಕ್ಕೆ ಕೈ ತೋರಿಸಿ ಪರ್ವತವನ್ನು ವರ್ಣಿಸುತ್ತಿದ್ದೆ. ಶಿಖರ ಎಲ್ಲಿ, ಹಿಮ ಎಲ್ಲಿಯವರೆಗೆ. ಜನ ಮೋಡದ ಫೋಟೋ ತೆಗೆದುಕೊಂಡು ಸಂತೋಷದಿಂದ ಹೋಗುತ್ತಿದ್ದರು. ಆದರೆ ಮಾಸ್ಟರ್, ನಾನು ಪರ್ವತವನ್ನು ನೋಡಿದ್ದೆ."

ಅಷ್ಟು ಹೇಳಿ ಹೊರಟುಹೋದರು. ಬಾಟಲಿ ಮೇಜಿನ ಮೇಲೇ ಉಳಿಯಿತು.

ಮುಂದಿನ ಬುಧವಾರ ಬರಲಿಲ್ಲ, ಅದರ ಮುಂದಿನದೂ. ಹೆಂಡತಿ ಎಷ್ಟೋ ದಿನ ನನ್ನೊಂದಿಗೆ ದೋಸೆಯ ಲೆಕ್ಕ ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ದಿನ ಉದ್ದಿನಬೇಳೆ ತೊಳೆಯುತ್ತಾ ತಾನೇ ಶುರು ಮಾಡಿದಳು.

"ಕುಡಿದ್ರೆ ಆಣೆ ಮುರಿತದೆ ಅಂತ ಸುಳ್ಳು ಹೇಳಿದ್ರಿ, ಅಲ್ವಾ?"

"ಹೂಂ."

"ಆಣೆ ಮಾಡ್ಸಿದ್ದು ನಾನು. ಹಂಗಾದ್ರೆ ಆ ಸುಳ್ಳಲ್ಲಿ ನಂದೂ ಪಾಲೈತೆ."

"ನಿಂದೇನಿಲ್ಲ ಬಿಡೇ."

"ಸುಮ್ನಿರ್ರಿ. ಆಯಮ್ಮ ಕೇಳಿದ್ದೇನು? ಒಂದು ನಾಲಿಗೆ. ನಿಮ್ಮ ನಾಲಿಗೆ ಸುಳ್ಳು ಹೇಳಿ ಹೇಳಿ ಕೆಟ್ಟೋಗೈತೆ. ನಂದೈತಲ್ಲ."

ನಾನು ಅವಳ ಮುಖ ನೋಡಿದೆ.

"ಏನ್ ನೋಡ್ತೀರಿ? ಆಣೆ ಮಾಡಿದ್ದು ನೀವು. ನಾನೇನು ಯಾರ ತಲೆ ಮೇಲೂ ಕೈ ಇಟ್ಟಿಲ್ಲ. ಹೋಗಿ ಕರ್ಕೊಂಡ್ ಬನ್ನಿ."

ಕ್ಷಮೆ ಕೇಳಲು ಹೋಗುವಾಗ ಸಿಹಿಯ ಪೆಟ್ಟಿಗೆ ಒಯ್ಯುವುದು ಇಲ್ಲಿಯ ಪದ್ಧತಿ. ಮೈಸೂರು ಪಾಕು ಮಾಡಿ, ಒಳ್ಳೆಯ ಕಾಗದದಲ್ಲಿ ಸುತ್ತಿ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಬಾಗಿಲು ತೆರೆಯಿತು. ಮೊದಲು ಕಂಡದ್ದು ಅವರ ಗಂಡ. ಚಪ್ಪಲಿ ಬೀರುವಿನ ಮೇಲೆ, ಛತ್ರಿಗಳ ಪಕ್ಕ, ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ಮೊದಲು ಅವನಿಗೆ ಬಗ್ಗಿದೆ, ಆಮೇಲೆ ಅವರಿಗೆ.

"ನಾಲಿಗೆಯಿಲ್ಲದವಳಿಗೆ ಸಿಹಿ ತಂದಿದ್ದೀರಿ" ಎಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಪೆಟ್ಟಿಗೆ ಹಿಡಿದುಕೊಂಡು ನಿಂತೆ. ಅವರ ತುಟಿಯ ತುದಿ ಸ್ವಲ್ಪ ಅಲುಗಿತು. ಹೆಂಡತಿ ಹೇಳಿ ಕಳಿಸಿದ್ದನ್ನು ಹೇಳಿದೆ. ಅವರು, "ಒಕುಸಾನ್ ಸುಳ್ಳು ಹೇಳುವುದಿಲ್ಲವೆ?" ಎಂದು ಕೇಳಿದರು. ಒಕುಸಾನ್ ಎಂದರೆ ಮನೆಯೊಡತಿ. ಮದುವೆಯಾದಾಗಿನಿಂದ ಅವಳಿಂದ ಒಂದಾದರೂ ಸುಳ್ಳು ಹೇಳಿಸಲು ಪ್ರಯತ್ನಿಸಿ ಸೋತಿದ್ದೇನೆ ಎಂದೆ. "ನನ್ನ ಅಡುಗೆಯ ಬಗ್ಗೆ ಕೂಡ."

ಮುಂದಿನ ಬುಧವಾರ ಮಧ್ಯಾಹ್ನ, ಊಟದ ಗಿರಾಕಿಗಳು ಹೋಗಿ ಸಂಜೆಯವರು ಬರುವುದರೊಳಗೆ, ಉಳಿದಿದ್ದ ಬಾಟಲಿಗಳನ್ನೆಲ್ಲ ಚಕ್ರವಿರುವ ಸಂತೆ ಚೀಲದಲ್ಲಿ ಎಳೆದುಕೊಂಡು ಬಂದರು. ಬಾಗಿಲಿಗೆ ಮುಚ್ಚಿದೆ ಎಂಬ ಬೋರ್ಡು ತಗುಲಿಸಿದೆ. ಹೆಂಡತಿ ಏಪ್ರನ್ ಬಿಚ್ಚಿ, ಸೆರಗು ಸರಿಮಾಡಿಕೊಂಡು, ದೇವರ ಪಟಕ್ಕೆ ಒಮ್ಮೆ ಕೈಮುಗಿದು ಅವರೆದುರು ಕೂತಳು. ಅವಳಿಗೆ ಬರುವ ಜಪಾನಿ ಬಿಲ್ಲು, ಚಿಲ್ಲರೆ, ನಮಸ್ಕಾರಗಳಿಗೆ ಸಾಕು, ವೈನಿಗೆ ಸಾಲದು. ನಾನು ನಡುವೆ ನಿಂತೆ. ಅವಳು ಹೇಳಿದ್ದನ್ನು ಹಾಗೇ ದಾಟಿಸುವುದು ನನ್ನ ಕೆಲಸ. ಇಷ್ಟು ಕಷ್ಟದ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ.

ಮೊದಲ ಬಾಟಲಿ. ಹೆಂಡತಿ ಮೂಗು ಹಿಡಿದುಕೊಂಡು, ಹರಳೆಣ್ಣೆ ಕುಡಿಯುವವಳಂತೆ ಒಂದು ಗುಟುಕು ಕುಡಿದಳು.

"ಹುಣಿಸೆಹಣ್ಣಿನ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿದಂಗೈತೆ."

ಹೇಳಿದೆ. ಅವರು ತಲೆಯಾಡಿಸಿ, "ಇದನ್ನು ಕೊಂಡದ್ದಕ್ಕೆ ನಮ್ಮ ಹೊಕ್ಕೈಡೊ ಪ್ರವಾಸ ನಿಂತಿತ್ತು" ಎಂದರು.

ಎರಡನೆಯದು. "ಕೆಮ್ಮಿನೌಷಧಿ. ಅದೂ ಡೇಟ್ ಮುಗಿದಿದ್ದು."

"ಇದು ನನ್ನ ಚಳಿಗಾಲದ ಕೋಟು."

"ಕೋಟೇ ವಾಸಿ ಇತ್ತು ಅನ್ನಿ" ಎಂದಳು ಹೆಂಡತಿ. ಅದನ್ನೂ ಹೇಳಿದೆ. ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು.

ಮೂರನೆಯದು ಬರೀ ಹುಳಿ. ನನಗೆ ಅವರ ಮುಖ ನೋಡಲಾಗದೆ ದಾಟಿಸುವಾಗ ಸುಕೋಶಿ ಎಂಬ ಮಾತು ಸೇರಿಸಿಬಿಟ್ಟೆ, ಸ್ವಲ್ಪ ಎಂದರ್ಥ. ಆ ಒಂದು ಮಾತು ನನ್ನ ದುರದೃಷ್ಟಕ್ಕೆ ಹೆಂಡತಿಗೆ ಗೊತ್ತಿತ್ತು.

"ರೀ, ಸುಕೋಶಿ ಅಂತ ಯಾಕ್ ಸೇರ್ಸಿದ್ರಿ? ನಾನು ಸ್ವಲ್ಪ ಅಂದ್ನಾ?"

"ಇಲ್ಲ ಕಣೇ, ಅವರಿಗೆ ಬೇಜಾರಾಗುತ್ತೆ ಅಂತ…"

"ಬೇಜಾರು ಅವರದ್ದು. ಅದಕ್ಕೂ ನೀವು ನೀರು ಬೆರೆಸ್ಬೇಡಿ. ತೆಗೀರಿ ಅದನ್ನ."

ತೆಗೆದೆ. ಪೂರ್ತಿ ಹುಳಿ, ಸ್ವಲ್ಪವಲ್ಲ ಎಂದು ತಿದ್ದಿ ಹೇಳಿದೆ. ಅವರು ತಡೆಯಲಾರದೆ ನಗತೊಡಗಿದರು. ಅಷ್ಟು ದಿನ ನನ್ನ ನೇರಳೆ, ಬೆಲ್ಲ, ಏಲಕ್ಕಿಗಳಿಗೆ ಅವರು ಕಣ್ಣು ಮುಚ್ಚಿ ತಲೆದೂಗಿದ್ದರು. ಒಮ್ಮೆಯೂ ಹೀಗೆ ನಕ್ಕಿರಲಿಲ್ಲ. ಒಂದೊಂದೇ ಬಾಟಲಿ ತೆರೆದೆವು. ಒಂದು ಫ್ರಿಜ್ಜು, ಒಂದು ಹಲ್ಲಿನ ಸೆಟ್ಟು, ಮಗಳ ಪಿಯಾನೋ ಪಾಠ, ಎಲ್ಲವೂ ಕೆಟ್ಟಿದ್ದವು. ಬೀರು ಅಡುಗೆಮನೆಯ ಒಲೆಗೆ ಅಂಟಿಕೊಂಡೇ ಇತ್ತಂತೆ. ತಂಪಿನಲ್ಲಿಡಬೇಕಾದ ವೈನನ್ನು ನಲವತ್ತು ವರ್ಷ ಬೇಯಿಸಿದ್ದ.

"ಹಾಗಾದರೆ ಮೂರ್ಖನೇ" ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ. ಅದು ನಗುವಿನ ನೀರೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಕೊನೆಗೆ ಒಂದು ಉಳಿಯಿತು. ಸಣ್ಣದು, ಚೀಟಿ ಮಾಸಿಹೋದದ್ದು. ಅದನ್ನು ಅವರು ಚೀಲದ ತಳದಲ್ಲೇ ಬಿಟ್ಟಿದ್ದರು.

"ಇದು ಬೇಡ, ಮಾಸ್ಟರ್. ಇದಕ್ಕೆ ಬೆಲೆಯೇ ಇಲ್ಲ. ಯಮನಾಶಿಯ ರಸ್ತೆ ಬದಿಯ ಅಂಗಡಿಯದು, ಸಿಹಿ ವೈನು. ಒಂದು ಭಾನುವಾರ ಅವನು ಹೇಳದೆ ಕೇಳದೆ ನನ್ನ ಬಸ್ಸು ಹತ್ತಿದ್ದ, ಟಿಕೆಟ್ ಕೊಂಡು. ಕೊನೆಯ ಸೀಟು. ದಿನವಿಡೀ ನನ್ನ ಪರಿಚಯವೇ ಇಲ್ಲದವನ ಹಾಗೆ ಕೂತು, ನಾನು ಕೈ ತೋರಿಸಿದ ಕಡೆಗೆಲ್ಲ ನೋಡಿದ. ಬಸ್ಸು ನಿಂತಾಗ ಇದನ್ನು ಕೊಂಡ. ಇದು ಅಡುಗೆಮನೆಯ ಬೀರುವಿನಲ್ಲಿ ಇರಲಿಲ್ಲ. ಅವನ ಅಂಗಿಗಳ ನಡುವೆ ಸಿಕ್ಕಿತು."

"ಏನಂತೆ?" ಎಂದಳು ಹೆಂಡತಿ. ಒಂದು ಮಾತೂ ಬಿಡದೆ ಹೇಳಿದೆ.

"ತೆಗೀರಿ" ಎಂದಳು.

ಬಿರಡೆ ಪುಡಿಪುಡಿಯಾಗಿ ಬಂತು. ಟೀ ಸೋಸುವ ಜಾಲರಿಯಲ್ಲಿ ಸೋಸಿ ಲೋಟಕ್ಕೆ ಬಗ್ಗಿಸಿದೆ. ಹೆಂಡತಿ ಈ ಸಲ ಮೂಗು ಹಿಡಿದುಕೊಳ್ಳುವುದನ್ನು ಮರೆತಳು. ಕುಡಿದಳು. ಬಾಯಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಮೀನಿನ ಅಂಗಡಿಯವನು ಹೊರಗೆ ನೀರು ಹಾಕಿ ನೆಲ ತೊಳೆಯುತ್ತಿದ್ದ. ಅವರು ನನ್ನ ಮುಖ ನೋಡುತ್ತಿದ್ದರು, ನಾನು ಹೆಂಡತಿಯ ಮುಖ. ಒಂದು ಒಳ್ಳೆಯ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿದೆ. ಹೆಂಡತಿ ನುಂಗಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗದೆಯೇ ಖಾಲಿ ಲೋಟವನ್ನು ಮೇಜಿನ ಮೇಲೆ ಅವರ ಕಡೆಗೆ ಮೆಲ್ಲಗೆ ಸರಿಸಿದಳು.

"ಇನ್ನೊಂದ್ ಚೂರು."

ನಾನು ಜಪಾನಿಯಲ್ಲಿ ಹೇಳಲು ಬಾಯಿ ತೆರೆದೆ. ಅವರು ಅಂಗೈ ಮೇಲೆ ಮಾಡಿ ನನ್ನನ್ನು ತಡೆದರು. ಆಮೇಲೆ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ, ನನ್ನ ಹೆಂಡತಿಯ ಲೋಟವನ್ನು ಅಂಚಿನವರೆಗೂ ತುಂಬಿದರು.